ಮಲೆನಾಡಿನ ಸಣ್ಣ ಪೇಟೆಯಲ್ಲಿದ್ದು ಆಗಾಗ ಬೆಂಗಳೂರಿಗೆ ಹೋಗಿ ಬರುವವರು ಯಾರಾದರೂ ಇದ್ದೀರಾ? ಒಂದು ಸಲಹೆ ಬೇಕಿತ್ತು

ಹೊಳೆಬದಿ, ಕೊಪ್ಪ

ಎಲ್ಲರಿಗೂ ನಮಸ್ಕಾರ. ನಮ್ಮದು ಕೊಪ್ಪ ತಾಲ್ಲೂಕು. ಪೇಟೆಯಲ್ಲಿ ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಮನೆ ಪೇಟೆಯಿಂದ ಸುಮಾರು ಒಳಗೆ, ಜೊತೆಗೆ ಒಂದಿಷ್ಟು ಅಡಿಕೆ ತೋಟ. ಮನೆಯಲ್ಲಿ ನಾನು, ಹೆಂಡತಿ, ಮಗಳು, ಅಮ್ಮ. ತಂಗಿ ಮದುವೆಯಾಗಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಇದ್ದಾಳೆ. ಅಮ್ಮನನ್ನು ಡಾಕ್ಟರಿಗೆ ತೋರಿಸಲು, ಎಸ್‌ಪಿ ರೋಡಿನಿಂದ ಅಂಗಡಿಗೆ ಸಾಮಾನು ತರಲು ಅಂತ ನಾನು ಆಗಾಗ ಅಲ್ಲಿಗೆ ಹೋಗುತ್ತಿರುತ್ತೇನೆ. ಈಗ ತಂಗಿ ಒಂದೇ ಹಠ ಹಿಡಿದಿದ್ದಾಳೆ. ತೋಟ ಯಾರಿಗಾದರೂ ನೋಡಿಕೊಳ್ಳಲು ಕೊಡು, ಎಲ್ಲರೂ ಇಲ್ಲಿಗೇ ಬಂದುಬಿಡಿ, ರಿಪೇರಿ ಕೆಲಸಕ್ಕೆ ಬೆಂಗಳೂರಲ್ಲಿ ಬರವಾ ಅಂತ.

ನನಗೆ ಎರಡೂ ಕಡೆ ಇಷ್ಟ, ಎರಡೂ ಕಡೆ ಸಾಕು ಅನ್ನಿಸುವುದೂ ಹೌದು. ಬೆಂಗಳೂರಿಗೆ ಹೋದ ಮೊದಲ ದಿನ ಖುಷಿಯೋ ಖುಷಿ. ಇಲ್ಲಿ ಕೊರಿಯರ್ ಬರಲಿ ಅಂತ ವಾರಗಟ್ಟಲೆ ಕಾಯುವ ಡಿಸ್‌ಪ್ಲೇಗಳನ್ನು ಎಸ್‌ಪಿ ರೋಡಿನಲ್ಲಿ ಬುಟ್ಟಿಗೆ ಸುರಿದು ಮಾರುತ್ತಾರೆ. ಒಂದು ಅಂಗಡಿಯಲ್ಲಿ ಇಲ್ಲ ಅಂದರೆ ಅವನೇ ಪಕ್ಕದ ಅಂಗಡಿಗೆ ಹುಡುಗನನ್ನು ಓಡಿಸಿ ತರಿಸಿಕೊಡುತ್ತಾನೆ. ಎರಡನೇ ದಿನ ಕಿವಿಯಲ್ಲಿ ಹಾರ್ನ್ ಸದ್ದು ಕೂತುಬಿಡುತ್ತದೆ. ಆಮೇಲೆ ಯಾವಾಗ ಬಸ್ಸು ಹತ್ತುತ್ತೇನೋ ಅನ್ನಿಸುತ್ತದೆ.

ಅಮ್ಮನ ಕಥೆ ಬೇರೆ. ನಮ್ಮ ಮನೆಗೆ ಗುಡ್ಡದ ಅಬ್ಬಿ ನೀರು ಪೈಪಿನಲ್ಲಿ ತಾನಾಗಿ ಬರುತ್ತದೆ. ಮೋಟಾರಿಲ್ಲ, ನಲ್ಲಿ ತಿರುಗಿಸುವುದಿಲ್ಲ. ಹಿತ್ತಿಲ ತೊಟ್ಟಿಗೆ ಹಗಲೂ ರಾತ್ರಿ ಬೀಳುತ್ತದೆ, ತುಂಬಿ ಹೆಚ್ಚಾದದ್ದು ಬಾಳೆ ಬುಡಕ್ಕೆ ಹೋಗುತ್ತದೆ. ಅಮ್ಮ ಜೀವನಪೂರ್ತಿ ಹಾಗೇ ಪಾತ್ರೆ ತೊಳೆದವರು. ತಂಗಿ ಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟು ಒಂದೊಂದೇ ಲೋಟ ಗಲಬರಿಸುತ್ತಿದ್ದರು. ತಂಗಿ ಬಂದು ಏನೂ ಮಾತಾಡದೆ ನಲ್ಲಿ ನಿಲ್ಲಿಸಿದಳು. ಅಮ್ಮ ಮತ್ತೆ ಬಿಟ್ಟರು. ಅವಳು ಮತ್ತೆ ನಿಲ್ಲಿಸಿದಳು. ಬೇಸಿಗೆ ಬಂತೆಂದರೆ ಅವರ ಅಪಾರ್ಟ್‌ಮೆಂಟಿಗೆ ಟ್ಯಾಂಕರ್ ನೀರು, ದುಡ್ಡು ಎಲ್ಲರಿಗೂ ಹಂಚಿಕೆ. ಅವಳು ಮಾಡಿದ್ದು ತಪ್ಪಲ್ಲ. ಆದರೆ ಅಮ್ಮ ಅವತ್ತಿಂದ ಅಲ್ಲಿ ಪಾತ್ರೆ ಮುಟ್ಟುವುದಿಲ್ಲ, ಸೋಫಾ ಮೇಲೆ ಸುಮ್ನೆ ಕೂರುತ್ತಾರೆ.

ಹಾಗಂತ ಊರು ಸ್ವರ್ಗ ಅಂತೇನೂ ನಾನು ಹೇಳುವುದಿಲ್ಲ. ಜುಲೈನಲ್ಲಿ ಒಂದು ಮರ ಲೈನಿನ ಮೇಲೆ ಬಿದ್ದರೆ ಮೂರು ದಿನ ಕರೆಂಟಿಲ್ಲ. ಕರೆಂಟ್ ಹೋಗಿ ಸ್ವಲ್ಪ ಹೊತ್ತಿಗೆ ಟವರೂ ಸತ್ತುಹೋಗುತ್ತದೆ. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುವ ಮೊಬೈಲ್‌ಗಳಲ್ಲಿ ಅರ್ಧದಷ್ಟು ನೀರು ಕುಡಿದವು. ಅಕ್ಕಿ ಡಬ್ಬದಲ್ಲಿ ಹೂತು ತರುತ್ತಾರೆ, ಚಾರ್ಜಿಂಗ್ ತೂತಿನಲ್ಲಿ ಅಕ್ಕಿ ನುಚ್ಚು ಸಿಕ್ಕಿರುತ್ತದೆ. ವ್ಯಾಪಾರಕ್ಕೆ ಒಳ್ಳೆಯದೇ ಬಿಡಿ. ಆದರೆ ಮಗಳು ಹೈಸ್ಕೂಲಿಗೆ ಬರುತ್ತಿದ್ದಾಳೆ, ಅಮ್ಮನಿಗೆ ವಯಸ್ಸಾಯಿತು, ನಾನೂ ಏನು ಹುಡುಗನಲ್ಲ.

ಎರಡೂ ಕಡೆ ಇದ್ದು ನೋಡಿದವರು ಹೇಳಿ. ಬೆಂಗಳೂರು ನೋಡಲು ಚಂದವಾ, ಇರಲೂ ಚಂದವಾ?


ಪಿಜಿವಾಸಿ

ಅಣ್ಣಾ, ನಮ್ಮದು ಶೃಂಗೇರಿ ಕಡೆ. ಓದು ಮುಗಿದ ಮೇಲೆ ಬೆಂಗಳೂರಿಗೆ ಬಂದವಳು, ಇನ್ನೂ ಇಲ್ಲೇ ಇದ್ದೇನೆ. ಊರಿಗೆ ಹಬ್ಬಕ್ಕೆ ಬರುತ್ತೇನೆ.

ಮೊದಲು ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಇಷ್ಟುದ್ದ ಬರೆದಿದ್ದೀರಿ. ಅಮ್ಮ ಏನಂದರು, ತಂಗಿ ಏನಂದಳು, ಎಲ್ಲ ಇದೆ. ಅತ್ತಿಗೆ ಏನಂತಾರೆ?

ಯಾಕೆ ಕೇಳಿದೆ ಅಂದರೆ ಈ ಊರು ಚಂದ, ಸಿಟಿ ಚಂದ ಅನ್ನುವ ಮಾತಿನಲ್ಲಿ ಗಂಡಸರ ಊರು ಬೇರೆ, ಹೆಂಗಸರ ಊರು ಬೇರೆ. ನೀವು ಪೇಟೆಗೆ ಹೋದರೆ ಹೋಟೆಲಿನಲ್ಲಿ ಕೂತು ಕಾಫಿ ಕುಡಿದು ಎರಡು ತಾಸು ಹರಟಿ ಬರಬಹುದು. ನಾನು ನಮ್ಮ ಪೇಟೆಯ ಹೋಟೆಲಿನಲ್ಲಿ ಒಬ್ಬಳೇ ಕೂತು ಕಾಫಿ ಕುಡಿದರೆ ನಾನು ಮನೆ ಮುಟ್ಟುವ ಮೊದಲೇ ಸುದ್ದಿ ಮನೆ ಮುಟ್ಟಿರುತ್ತದೆ. ಯಾರೂ ಕೆಟ್ಟದ್ದು ಮಾತಾಡುವುದಿಲ್ಲ, ಅದೂ ನಿಜ. "ನಿಮ್ಮ ಮಗಳು ಬಂದಿದ್ದಾಳಲ್ಲ, ಹೋಟೆಲಲ್ಲಿ ಕಂಡೆ, ಮದುವೆ ಎಲ್ಲಿಗೆ ಬಂತು" ಅಷ್ಟೇ. ಬೆಂಗಳೂರಲ್ಲಿ ದರ್ಶಿನಿಯ ಕಟ್ಟೆ ಹತ್ತಿರ ನಿಂತು ಒಬ್ಬಳೇ ತಿನ್ನುತ್ತೇನೆ, ಪಕ್ಕದಲ್ಲಿ ನಿಂತವನಿಗೆ ನನ್ನ ಮುಖ ನೋಡಲೂ ಪುರಸೊತ್ತಿಲ್ಲ. ಸಿಟಿಯಲ್ಲಿ ಯಾರಿಗೂ ಯಾರೂ ಇಲ್ಲ ಅಂತ ಊರಿನವರು ಬೈಯುತ್ತಾರೆ. ನನಗೆ ಬೇಕಾಗಿರುವುದೇ ಅದು.

ಇನ್ನು ಬಸ್ಸಿನ ವಿಷಯ. ನಿಮ್ಮ ಊರಿನದ್ದೇ ಸಹಕಾರ ಸಾರಿಗೆ ಇತ್ತಲ್ಲ, ಕೆಲಸಗಾರರೇ ಸೇರಿ 1991ರಲ್ಲಿ ಕಟ್ಟಿದ್ದು. ನಾವೆಲ್ಲ ರಿಯಾಯಿತಿ ಪಾಸಿನಲ್ಲಿ ಅದರಲ್ಲೇ ಕಾಲೇಜಿಗೆ ಹೋಗಿದ್ದು. 2020ರ ಫೆಬ್ರವರಿಯಲ್ಲಿ ಅದು ನಿಂತಿತು. ಆ ಸುದ್ದಿ ಕೇಳಿದ ದಿನ ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರೂ ಹಳೇ ಪಾಸಿನ ಫೋಟೋ ಹಾಕಿದ್ದೇ ಹಾಕಿದ್ದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ರಾಜ್ಯದ ಹೆಂಗಸರಿಗೆಲ್ಲ ಬಸ್ಸು ಫ್ರೀ ಆಯಿತು. ಬೆಂಗಳೂರಲ್ಲಿ ನಾನು ದಿನಾ ಬಿಎಂಟಿಸಿಯಲ್ಲಿ ಪುಕ್ಕಟೆ ಓಡಾಡುತ್ತೇನೆ. ನಮ್ಮಮ್ಮ? ಫ್ರೀ ಇರುವುದು ಸರ್ಕಾರಿ ಬಸ್ಸಿಗೆ. ನಮ್ಮ ಕಡೆ ಒಳದಾರಿಗಳಲ್ಲಿ ಓಡುವುದು ಪ್ರೈವೇಟ್ ಬಸ್ಸು. ದುಡ್ಡು ಕೊಟ್ಟೇ ಹೋಗಬೇಕು, ಸಂಜೆ ಕೊನೇ ಬಸ್ಸು ತಪ್ಪಿದರೆ ಆಟೋಗೆ ಬೇರೆ ಕೊಡಬೇಕು.

ಊರು ಬೇಡ ಅಂತ ನಾನು ಹೇಳುತ್ತಿಲ್ಲ. ತುಂಗೆಯ ದಂಡೆ, ಮಳೆಗಾಲದ ಕೆಸುವಿನ ಪತ್ರೊಡೆ ಇವೆಲ್ಲ ನೆನಪಾಗಿ ಸಂಕಟ ಆಗುತ್ತದೆ. ನನಗೆ ಊರು ಹೋಗಿ ಬರಲು ಚಂದ, ಬೆಂಗಳೂರು ಇರಲು ಚಂದ. ನಿಮ್ಮದರ ಉಲ್ಟಾ. ಅದಕ್ಕೇ ಅತ್ತಿಗೆಯನ್ನು ಕೇಳಿ ಅಂದೆ.


ಮೈಲುತುತ್ತ, ತೀರ್ಥಹಳ್ಳಿ

ತಮ್ಮಾ, ತೋಟದ ವಿಷಯ ನೀವು ಒಂದು ಸಾಲಿನಲ್ಲಿ ಮುಗಿಸಿದ್ದೀರಿ. "ಯಾರಿಗಾದರೂ ನೋಡಿಕೊಳ್ಳಲು ಕೊಟ್ಟು." ಆ ಯಾರಾದರೂ ಎಲ್ಲಿದ್ದಾರೆ ಮಾರಾಯ್ರೆ? ಇದ್ದರೆ ನನಗೂ ನಂಬರ್ ಕೊಡಿ.

ನನಗೆ ಅರವತ್ತು ದಾಟಿದೆ. ಮಕ್ಕಳಿಬ್ಬರೂ ಬೆಂಗಳೂರಲ್ಲಿ. ಮನೆಯಲ್ಲಿ ನಾನು, ನನ್ನ ಹೆಂಡತಿ, ನಾಯಿ. ನಮ್ಮ ಕೇರಿಯಲ್ಲಿ ಹೆಚ್ಚಿನ ಮನೆಗಳು ಹೀಗೇ ಇವೆ. ಅಡಿಕೆಗೆ ಕೊಳೆ ರೋಗ ಬರುವುದು ನಿಮಗೂ ಗೊತ್ತು. ಮಳೆ ಹಿಡಿಯುವ ಮೊದಲು ಒಂದು ಸಲ ಔಷಧಿ ಹೊಡೆಯಬೇಕು, ಮತ್ತೆ ಒಂದೂವರೆ ತಿಂಗಳು ಬಿಟ್ಟು ಇನ್ನೊಂದು ಸಲ. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಈ ಲೆಕ್ಕ ಪುಸ್ತಕದಲ್ಲಿ ಸುಲಭ. ಅದನ್ನು ಮರದ ತುದಿಗೆ ಹೊಡೆಯುವವನು ಬೇಕಲ್ಲ? ಮರ ಹತ್ತುವ ಕೊನೆಗೌಡ ಎರಡು ದಿನ ಮಳೆ ಹೊಳವಾದಾಗ ಬಂದರೆ ಬಂದ. ಬರಲಿಲ್ಲ ಅಂದರೆ ಆಮೇಲೆ ಮರದ ಬುಡದಲ್ಲಿ ಉದುರಿದ ಕಾಯಿ ಹೆಕ್ಕುವುದೇ ಕೆಲಸ. ದೋಟಿ ಬಂದಿದೆ, ಉದ್ದ ಪೈಪಿನ ಗನ್ ಬಂದಿದೆ, ಎಲ್ಲ ನಿಜ. ಆದರೂ ಯಜಮಾನ ತೋಟದಲ್ಲಿ ಕಾಣಿಸದಿದ್ದರೆ ಕೆಲಸ ಆಗುವುದಿಲ್ಲ. ನಿಮ್ಮ ಕೊಪ್ಪ, ಶೃಂಗೇರಿ ಕಡೆಯಂತೂ ಹಳದಿ ಎಲೆ ರೋಗ ಹಳೇ ಕಾಟ, ಈಗ ಎಲೆಚುಕ್ಕಿ ಬೇರೆ ಸೇರಿಕೊಂಡಿದೆ. ಒಂದು ವರ್ಷ ಕಣ್ಣು ತಪ್ಪಿಸಿದರೆ ತೋಟ ಮತ್ತೆ ನಿಮ್ಮ ಕೈಗೆ ಅದೇ ರೂಪದಲ್ಲಿ ಸಿಗುವುದಿಲ್ಲ.

ಇನ್ನು ಬೆಂಗಳೂರು. ಮಕ್ಕಳ ಮನೆಗೆ ಹೋದರೆ ನೋಡಿಕೊಳ್ಳುವುದಕ್ಕೆ ಏನೂ ಕಮ್ಮಿ ಇಲ್ಲ. ಸೊಸೆ ಬಿಸಿಬಿಸಿ ಅಡುಗೆ ಮಾಡಿ ಹಾಕುತ್ತಾಳೆ. ಆದರೆ ಬೆಳಿಗ್ಗೆ ಎದ್ದು ಏನು ಮಾಡಬೇಕು? ಇಲ್ಲಿ ಎದ್ದರೆ ಹಟ್ಟಿಗೆ ಹೋಗಬೇಕು, ತೋಟಕ್ಕೊಂದು ಸುತ್ತು ಹಾಕಬೇಕು, ಮಂಗ ಬಂದರೆ ಓಡಿಸಬೇಕು. ಅಲ್ಲಿ ನಾನು ಪಾರ್ಕಿನಲ್ಲಿ ವಾಕಿಂಗ್ ಮಾಡುವ ಮುದುಕ. ಇಲ್ಲಿ ಅದೇ ವಯಸ್ಸಿನಲ್ಲಿ ಸೊಸೈಟಿ ಮೀಟಿಂಗಿನಲ್ಲಿ ಎದ್ದು ನಿಂತು ಜಗಳ ಮಾಡುತ್ತೇನೆ.

ಆದರೆ ಒಂದು ವಿಷಯದಲ್ಲಿ ನಿಮ್ಮ ತಂಗಿ ಹೇಳಿದ್ದು ಸರಿ. ಆಸ್ಪತ್ರೆ. ಹೋದ ಮಳೆಗಾಲದಲ್ಲಿ ನನ್ನ ಹೆಂಡತಿಗೆ ರಾತ್ರಿ ಎದೆ ನೋವು ಬಂತು. ಇಲ್ಲಿ ನೋಡಿದವರು ತಡ ಮಾಡಬೇಡಿ, ಕೆಳಗೆ ಕರೆದುಕೊಂಡು ಹೋಗಿ ಅಂದರು. ಕೆಳಗೆ ಅಂದರೆ ಆಗುಂಬೆ ಘಾಟಿ ಇಳಿದು ಮಣಿಪಾಲ ಕಡೆಗೆ. ಹದಿನಾಲ್ಕು ತಿರುವು, ಮಂಜು, ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಾಗ. ವೈಪರ್ ಎಷ್ಟು ಬೀಸಿದರೂ ಗಾಜಿನ ಆಚೆ ಬೆಳ್ಳಗೆ, ಬೇರೆ ಏನೂ ಕಾಣದು. ಪಕ್ಕದ ಮನೆಯ ಹುಡುಗ ಗಾಡಿ ಓಡಿಸುತ್ತಿದ್ದ, ನಾನು ಕಿಟಕಿ ಇಳಿಸಿ ತಲೆ ಹೊರಗೆ ಹಾಕಿ ದಾರಿ ಹೇಳುತ್ತಿದ್ದೆ. ಸದ್ಯ ಗ್ಯಾಸ್ಟ್ರಿಕ್ ಅಂತ ಆಯಿತು, ಆರಾಮಾಗಿ ವಾಪಸ್ ಬಂದೆವು. ಆದರೆ ಅವಳು ಈಗ ಮಳೆ ಜೋರಾದ ರಾತ್ರಿ ಸರಿಯಾಗಿ ನಿದ್ದೆ ಮಾಡುವುದಿಲ್ಲ. ಆಗುಂಬೆ ಮಳೆ ನೋಡಲು ಬೆಂಗಳೂರಿಂದ ಗಾಡಿ ಮಾಡಿಕೊಂಡು ಬರುವವರಿಗೆ ಇದನ್ನೆಲ್ಲ ಹೇಳಿ ಪ್ರಯೋಜನ ಇಲ್ಲ.


ಬಸವನಗುಡಿ ಹುಡುಗ

ಮೇಲಿನ ಸರ್ ಹೇಳಿದ ಆ ಗಾಡಿ ಮಾಡಿಕೊಂಡು ಬರುವವರಲ್ಲಿ ನಾನೂ ಒಬ್ಬ. 😄 ಹುಟ್ಟಿ ಬೆಳೆದಿದ್ದು ಬೆಂಗಳೂರೇ. ಬೆಂಗಳೂರಿನ ಪರವಾಗಿ ಯಾರಾದರೂ ಮಾತಾಡಬೇಕಲ್ವಾ, ಅದಕ್ಕೆ ಬಂದೆ.

ಮೊದಲನೆಯದು, ನೀವೆಲ್ಲ ಬೆಟ್ಟದಿಂದ ಇಳಿದು ಬೆಂಗಳೂರಿಗೆ ಬರುತ್ತೀರಿ ಅಂದುಕೊಂಡಿದ್ದೀರಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಶೃಂಗೇರಿ, ತೀರ್ಥಹಳ್ಳಿ, ಕೊಪ್ಪ, ಆಗುಂಬೆ, ಎಲ್ಲವೂ ನಮಗಿಂತ ಕೆಳಗೆ. ನೀವು ಹತ್ತಿ ಬರುತ್ತೀರಿ ಸ್ವಾಮಿ! ಗುಡ್ಡ ಕಾಣಿಸುವುದಿಲ್ಲ ಅಷ್ಟೇ.

ಎರಡನೆಯದು, ಕೊಪ್ಪದ ಅಣ್ಣ ನೋಡಿದ ಬೆಂಗಳೂರು ಯಾವುದು? ಎಸ್‌ಪಿ ರೋಡ್, ಆಸ್ಪತ್ರೆ, ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್. ಈ ಮೂರು ಜಾಗದಲ್ಲಿ ಎರಡು ದಿನ ಇದ್ದರೆ ನನಗೂ ತಲೆ ಕೆಡುತ್ತದೆ. ನಮ್ಮ ರಸ್ತೆಯಲ್ಲಿ ಹೂ ಮಾರುವ ಅಮ್ಮ ನಾನು ಎಸ್‌ಎಸ್‌ಎಲ್‌ಸಿ ಪಾಸಾದಾಗ ನಮ್ಮ ಮನೆಗೆ ಬಂದು ಸಕ್ಕರೆ ತಿಂದು ಹೋಗಿದ್ದಾರೆ. ಕಾರ್ತಿಕದ ಕೊನೇ ಸೋಮವಾರ ಕಡಲೆಕಾಯಿ ಪರಿಷೆಗೆ ಬನ್ನಿ. ಬುಲ್ ಟೆಂಪಲ್ ರೋಡಿನ ಉದ್ದಕ್ಕೂ ಕಡಲೆಕಾಯಿ ರಾಶಿ, ಕಾಲಿಡಲು ಜಾಗ ಇರುವುದಿಲ್ಲ. ನಾಲ್ಕು ಹೆಜ್ಜೆಗೊಬ್ಬ ಗುರುತಿನವರು ಸಿಗುತ್ತಾರೆ, ನಾಲ್ಕು ಹೆಜ್ಜೆಗೊಮ್ಮೆ ನಿಂತು ಮಾತಾಡಬೇಕು. ಪಿಜಿವಾಸಿ ಅಕ್ಕ ಹೇಳಿದ, ಯಾರಿಗೂ ಯಾರೂ ಗುರುತಿಲ್ಲದ ಬೆಂಗಳೂರೂ ಇದೆ. ಆದರೆ ನನ್ನ ಬೀದಿಯಲ್ಲಿ ನಾನು ಸಿಗರೇಟ್ ಸೇದಿದರೆ ಇವತ್ತಿಗೂ ಅಪ್ಪನಿಗೆ ಗೊತ್ತಾಗುತ್ತದೆ.

ಆದರೆ ಒಂದು ಒಪ್ಪುತ್ತೇನೆ. ನಾವು ನಿಮ್ಮ ಕಡೆ ಬರುವುದು ಶನಿವಾರ, ಭಾನುವಾರ. ಹೋಂಸ್ಟೇಯವರು ಕಡುಬು ಮಾಡಿ ಹಾಕುತ್ತಾರೆ, ಇಂಬಳ ಕಚ್ಚಿದ್ದೂ ಒಂದು ಸಾಹಸ ಅಂತ ಫೋಟೋ ಹಾಕುತ್ತೇವೆ. ಭಾನುವಾರ ಸಂಜೆ ವಾಪಸ್ ಬರುವಾಗ ನೆಲಮಂಗಲ ಟೋಲಿನಲ್ಲಿ ಗಾಡಿ ಸಾಲು ನೋಡಿ "ಎಲ್ಲ ಬಿಟ್ಟು ಮಲೆನಾಡಿಗೆ ಹೋಗಿಬಿಡಬೇಕು ಮಗಾ" ಅಂತೀವಿ. ಸೋಮವಾರ ಯಾರಿಗೂ ನೆನಪಿರುವುದಿಲ್ಲ. ಅಣ್ಣ, ನೀವೂ ಇದನ್ನೇ ಉಲ್ಟಾ ಮಾಡುತ್ತಿದ್ದೀರಿ ಅನ್ನಿಸುತ್ತದೆ. ಊರಿನ ಜುಲೈ ತಿಂಗಳನ್ನು ಬೆಂಗಳೂರಿನ ಮೊದಲ ದಿನದ ಜೊತೆ ಇಟ್ಟು ತೂಗಬೇಡಿ. ಬೆಂಗಳೂರಲ್ಲಿ ಬಾಡಿಗೆ ಮನೆ ಹುಡುಕಿ, ಅಂಗಡಿಗೆ ಅಡ್ವಾನ್ಸ್ ಕೊಟ್ಟು, ಮಗಳ ಸ್ಕೂಲ್ ಫೀಸ್ ಕಟ್ಟಿ, ದಿನಾ ಟ್ರಾಫಿಕ್ಕಿನಲ್ಲಿ ಹೋಗಿ ಬರುವ ಒಂದು ಸಾಮಾನ್ಯ ಮಂಗಳವಾರ ಇರುತ್ತದಲ್ಲ, ಅದರ ಜೊತೆ ತೂಗಿ.


ಛತ್ರಿ ರಿಪೇರಿ

ಬಟ್ಟೆ ಒಣಗಿಸುವ ಬಗ್ಗೆ ಯಾರೂ ಮಾತಾಡುತ್ತಿಲ್ಲ ಏಕೆ? ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಬಟ್ಟೆ ಒಣಗುವುದು ಬಚ್ಚಲು ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ. ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋದಾಗ ಪಕ್ಕದಲ್ಲಿ ಕೂತಿದ್ದವ "ಎಲ್ಲೋ ಏನೋ ಸುಟ್ಟ ವಾಸನೆ" ಅಂತ ನಾಲ್ಕು ಸಲ ಎದ್ದು ನೋಡಿದ. ನನ್ನ ಶರ್ಟು ಅದು.


ಹೊಳೆಬದಿ, ಕೊಪ್ಪ

ಎಲ್ಲರಿಗೂ ಥ್ಯಾಂಕ್ಸ್. ಛತ್ರಿ ರಿಪೇರಿಯವರೇ, ನಕ್ಕು ನಕ್ಕು ಸಾಕಾಯಿತು, ನಮ್ಮ ಮನೆಯಲ್ಲೂ ಅದೇ ಕಥೆ.

ಮೈಲುತುತ್ತ ಸರ್, ತೋಟದ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನಮ್ಮಲ್ಲೂ ಎಲೆಚುಕ್ಕಿ ಶುರುವಾಗಿದೆ. ಬಸವನಗುಡಿಯವರು ಹೇಳಿದ ಆ ಸಾಮಾನ್ಯ ಮಂಗಳವಾರದ ಲೆಕ್ಕ ಹಾಕಲು ಕೂತೆ. ಬಾಡಿಗೆಯ ಹತ್ತಿರ ಬಂದಾಗಲೇ ಪೆನ್ನು ಕೆಳಗಿಟ್ಟೆ.

ಪಿಜಿವಾಸಿ ತಂಗಿ, ಹೆಂಡತಿಯನ್ನು ಇವತ್ತು ರಾತ್ರಿ ಕೇಳುತ್ತೇನೆ. ಬೇಸಿಗೆ ರಜದಲ್ಲಿ ಎಲ್ಲರೂ ಬೆಂಗಳೂರಿಗೆ ಹೋದಾಗ ಅವಳು ಮಗಳ ಜೊತೆ ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ, ವೈಟ್‌ಫೀಲ್ಡಿನಿಂದ ಚಲ್ಲಘಟ್ಟದ ತನಕ, ಸುಮ್ನೆ ಹೋಗಿ ಬಂದಿದ್ದಳು. ಅಲ್ಲಿ ಏನಿದೆ ಅಂತ ಕೇಳಿದರೆ "ಏನೂ ಇಲ್ಲ, ಕೂತಿದ್ವಿ" ಅಂದಳು.


ಭದ್ರೆ ದಂಡೆ

ಸ್ವಲ್ಪ ಬೇರೆ ಥರದ ಅನುಭವ ಹೇಳುತ್ತೇನೆ. ನಾನು ಹುಟ್ಟಿ ಬೆಳೆದಿದ್ದು ಕುದುರೆಮುಖದ ಟೌನ್‌ಶಿಪ್ಪಿನಲ್ಲಿ. ಅಪ್ಪ ಗಣಿ ಕಂಪನಿಯಲ್ಲಿದ್ದರು.

ಇಲ್ಲಿ ಎಲ್ಲರೂ ಬೆಟ್ಟದ ಊರು ಅಂದರೆ ಸೌಕರ್ಯ ಇಲ್ಲ, ಸಿಟಿ ಅಂದರೆ ಸೌಕರ್ಯ ಇದೆ ಅನ್ನುವ ಲೆಕ್ಕದಲ್ಲೇ ಮಾತಾಡುತ್ತಿದ್ದೀರಿ. ನಮ್ಮ ಊರಲ್ಲಿ ಎಲ್ಲವೂ ಇತ್ತು. ಸುತ್ತ ಶೋಲಾ ಕಾಡು, ಹುಲ್ಲುಗಾವಲು, ಮಳೆಗಾಲದಲ್ಲಿ ವಾರಗಟ್ಟಲೆ ಬಿಸಿಲು ಕಾಣದ ಜಾಗ. ಅದರ ನಡುವೆ ಆಸ್ಪತ್ರೆ, ಸ್ಕೂಲು, ಕ್ಲಬ್ಬು, ಆಟದ ಮೈದಾನ, ಸಾಲಾಗಿ ಕ್ವಾರ್ಟರ್ಸು. ದೇಶದ ಎಲ್ಲ ಕಡೆಯ ಜನ. ನನ್ನ ಕ್ಲಾಸಿನಲ್ಲಿ ಬಂಗಾಳಿ, ಮಲಯಾಳಿ, ತಮಿಳು, ತುಳು ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಿದ್ದೆವು. ಹತ್ತಿರದ ಪೇಟೆ ಕಳಸ, ಅಲ್ಲಿಗೆ ಹೋದರೆ ಅಲ್ಲಿಯವರು ನಮ್ಮನ್ನೇ ಸಿಟಿಯವರು ಅನ್ನುತ್ತಿದ್ದರು. ಬೇಸಿಗೆ ರಜೆಗೆ ಬೆಂಗಳೂರಲ್ಲಿ ಮಾವನ ಮನೆಗೆ ಹೋದರೆ ಅದೇ ನಮಗೆ ಹಿಂದುಳಿದ ಊರಿನ ಥರ ಕಾಣುತ್ತಿತ್ತು. ನಮ್ಮಲ್ಲಿ ಇಪ್ಪತ್ನಾಲ್ಕು ಗಂಟೆ ನೀರು, ಕರೆಂಟು. ಅಲ್ಲಿ ಅತ್ತೆ ಬೆಳಗಿನ ಜಾವ ಎದ್ದು ಡ್ರಮ್ಮಿಗೆ ನೀರು ಹಿಡಿಯುತ್ತಿದ್ದರು.

ಕಂಪನಿ ಶುರುವಾಗಿದ್ದು 1976ರಲ್ಲಿ. ಬೆಟ್ಟ ಅಗೆದ ಅದಿರಿನ ಪುಡಿ ನೀರಿನ ಜೊತೆ ಕೆಸರಾಗಿ ಪೈಪಿನಲ್ಲಿ ಘಟ್ಟ ಇಳಿದು ಮಂಗಳೂರಿನ ಪಣಂಬೂರಿಗೆ ಹೋಗುತ್ತಿತ್ತು. ಉಳಿದ ಕೆಸರು ಲಕ್ಯಾ ಅಣೆಕಟ್ಟಿಗೆ. ಪಕ್ಕದಲ್ಲೇ ಭದ್ರೆ, ಸುತ್ತ ರಾಷ್ಟ್ರೀಯ ಉದ್ಯಾನ. ಕಾಡಿಗೆ, ನದಿಗೆ ಏನಾಗುತ್ತಿದೆ ಅಂತ ಜನ ಹೋರಾಟ ಮಾಡಿದರು, ಕೇಸು ಸುಪ್ರೀಂ ಕೋರ್ಟಿಗೆ ಹೋಯಿತು, 2005ರ ಕೊನೆಯ ದಿನ ಗಣಿ ನಿಂತಿತು. ನಿಲ್ಲಬೇಕಾದದ್ದೇ, ಅದರಲ್ಲಿ ನನಗೆ ಅನುಮಾನ ಇಲ್ಲ. ದೊಡ್ಡವನಾದ ಮೇಲೆ ಲಕ್ಯಾದ ಕೆಸರನ್ನು ಮೇಲಿಂದ ನಿಂತು ನೋಡಿದರೆ ಯಾರಿಗೂ ಹಾಗೇ ಅನ್ನಿಸುತ್ತದೆ. ಆದರೆ ಗಣಿಯ ಜೊತೆ ಊರೂ ಹೋಯಿತು. ಒಂದೊಂದೇ ಮನೆ ಖಾಲಿ. ಆಸ್ಪತ್ರೆ ಇದೆ, ನೋಡುವ ಡಾಕ್ಟರಿಲ್ಲ ಅನ್ನುವ ಹಾಗೆ. ಸ್ಕೂಲಿದೆ, ಮಕ್ಕಳಿಲ್ಲ ಅನ್ನುವ ಹಾಗೆ. ಈಗ ಹೋದರೆ ಕ್ವಾರ್ಟರ್ಸಿನ ಒಳಗಿಂದ ಗಿಡ ಹೊರಗೆ ಬಂದಿದೆ, ಟ್ರೆಕ್ಕಿಂಗಿಗೆ ಬಂದವರು ಹಾಳು ಮನೆ ಮುಂದೆ ನಿಂತು ಸೆಲ್ಫಿ ತೆಗೆಯುತ್ತಾರೆ. ಅದರಲ್ಲಿ ಒಂದು ನಮ್ಮದು.

ನಾನೀಗ ಬೆಂಗಳೂರಲ್ಲಿ ಪೀಣ್ಯದಲ್ಲಿ ಕೆಲಸ ಮಾಡುತ್ತೇನೆ. ಕೊಪ್ಪದವರಿಗೆ ನಾನು ಹೇಳುವುದು ಇಷ್ಟೇ. ನಿಮ್ಮ ಊರು ಯಾವುದರ ಮೇಲೆ ನಿಂತಿದೆ ಅಂತ ಒಂದು ಸಲ ನೋಡಿ. ಎಲ್ಲವೂ ಅಡಿಕೆಯ ಮೇಲೆ ನಿಂತಿದ್ದರೆ, ಅಡಿಕೆಗೆ ರೋಗ ಬಂದರೆ ನಿಮ್ಮ ಅಂಗಡಿಗೂ ಬರುತ್ತದೆ. ತೋಟದವನ ಕೈಯಲ್ಲಿ ದುಡ್ಡಿಲ್ಲ ಅಂದರೆ ಅವನು ಡಿಸ್‌ಪ್ಲೇ ಹಾಕಿಸುವುದಿಲ್ಲ, ಒಡೆದ ಗಾಜಿನಲ್ಲೇ ಇನ್ನೊಂದು ವರ್ಷ ನಡೆಸುತ್ತಾನೆ.


ಇನ್ವರ್ಟರ್ ಭಕ್ತ

ನಾನು 2020ರಲ್ಲಿ ಲಾಕ್‌ಡೌನ್ ಸಮಯದಲ್ಲಿ ಬೆಂಗಳೂರಿಂದ ಬಂದವನು, ಮತ್ತೆ ಹೋಗಲಿಲ್ಲ. ಬಾಳೆಹೊನ್ನೂರು ಕಡೆ. ಕಂಪ್ಯೂಟರ್ ಕೆಲಸ, ಮನೆಯಿಂದಲೇ. ಲೋಕಲ್ ಕೇಬಲ್‌ನವರು ಫೈಬರ್ ಎಳೆದಿದ್ದಾರೆ, ಮಳೆಗಾಲ ಬಿಟ್ಟರೆ ಬೆಂಗಳೂರಿಗಿಂತ ಚೆನ್ನಾಗಿದೆ. ಮಳೆಗಾಲಕ್ಕೆ ದೊಡ್ಡ ಬ್ಯಾಟರಿ, ಅದರ ಮೇಲೆ ಸೋಲಾರ್. ಎರಡು ಕಂಪನಿಯ ಸಿಮ್ಮು ಇಟ್ಟುಕೊಂಡಿದ್ದೇನೆ. ಏನೂ ಇಲ್ಲದ ದಿನ ಗಾಡಿ ಹತ್ತಿ ಗುಡ್ಡದ ನೆತ್ತಿಗೆ ಹೋಗಿ ಅಲ್ಲಿಂದ ಮೀಟಿಂಗ್. ಹಿಂದುಗಡೆ ಜೀರುಂಡೆ ಕೂಗುವುದನ್ನು ಕೇಳಿ ಮ್ಯಾನೇಜರ್ "ಏನದು ಮೆಷಿನ್ ಸೌಂಡು" ಅಂತಾರೆ.

ದುಡ್ಡು ಉಳಿಯುತ್ತದೆ. ಆದರೆ ಸಂಜೆ ಮಾತಾಡಲು ನನ್ನ ವಯಸ್ಸಿನವರು ಇಲ್ಲ, ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮದುವೆ ವಿಷಯ ಬೇಡವೇ ಬೇಡ. ಸಂಬಳ ಅದೇ, ಕೆಲಸ ಅದೇ. ಹುಡುಗ ಬೆಂಗಳೂರಲ್ಲಿದ್ದಾನೆ ಅಂದರೆ ಜಾತಕ ತೆಗೆದುಕೊಳ್ಳುತ್ತಾರೆ, ಊರಲ್ಲಿದ್ದಾನೆ ಅಂದರೆ "ಆಮೇಲೆ ಫೋನ್ ಮಾಡುತ್ತೇವೆ" ಅಂತಾರೆ. ಹೆಣ್ಣಿನ ಮನೆಯವರನ್ನೂ ಬೈಯಲು ಆಗುವುದಿಲ್ಲ, ಪಿಜಿವಾಸಿಯವರು ಬರೆದಿದ್ದು ಓದಿದ ಮೇಲಂತೂ.

ನಾಟಕ, ಯಕ್ಷಗಾನದ ಹುಚ್ಚು ಇರುವವರು ಊರಲ್ಲಿ ಅದೆಲ್ಲ ಇಲ್ಲ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ. ಹೆಗ್ಗೋಡಿನಂಥ ಸಣ್ಣ ಊರಿನ ನೀನಾಸಂ 1949ರಿಂದ ಇದೆ, ಅವರ ತಿರುಗಾಟ ನಾಟಕಗಳನ್ನು ನೋಡಿದವರು ಬೆಂಗಳೂರಿಗಾಗಿ ಹೊಟ್ಟೆ ಉರಿದುಕೊಳ್ಳುವುದಿಲ್ಲ. ಮೇಳದವರಂತೂ ಬೇಸಿಗೆಯಲ್ಲಿ ನಮ್ಮ ಗದ್ದೆಗೇ ಬಂದು ಆಡುತ್ತಾರೆ. ಮಳೆಗಾಲದಲ್ಲಿ ಅದೇ ಕಲಾವಿದರು ಬೆಂಗಳೂರಿನ ಹಾಲ್‌ಗಳಲ್ಲಿ ಆಟ ಕಟ್ಟುತ್ತಾರೆ. ಅವರಿಗೆ ಗೊತ್ತು ಎಲ್ಲಿ ಯಾವಾಗ ಇರಬೇಕು ಅಂತ.


ಪಿಜಿವಾಸಿ

ಹೊಳೆಬದಿ ಅಣ್ಣ, ಅತ್ತಿಗೆಯ ಉತ್ತರ ಬಂತಾ? ಕಾಯುತ್ತಿದ್ದೇನೆ. ಇನ್ವರ್ಟರ್ ಅವರೇ, ನಿಮ್ಮ ಜಾತಕದ ಮಾತಿಗೆ ನಾನು ಏನೂ ಹೇಳುವುದಿಲ್ಲ. 😄


ಹೊಳೆಬದಿ, ಕೊಪ್ಪ

ಬಂತು. ಅವಳಿಗೆ ಬೆಂಗಳೂರು ಬೇಡವಂತೆ. ಇಲ್ಲಿರುವುದೂ ಬೇಡವಂತೆ. "ಇಲ್ಲಿ" ಅಂದರೆ ಈ ಒಳಗಿನ ಮನೆ. ಕೊಪ್ಪ ಪೇಟೆಯಲ್ಲೇ, ಅಂಗಡಿ ಹತ್ತಿರ ಬಾಡಿಗೆ ಮನೆ ಮಾಡೋಣ ಅಂತಾಳೆ. ಮಗಳು ಶಾಲೆಗೆ ನಡೆದು ಹೋಗಬಹುದು. ರಾತ್ರಿ ಅಮ್ಮನಿಗೆ ಹುಷಾರಿಲ್ಲ ಅಂದರೆ ಗಾಡಿ ಬಾಗಿಲಿಗೆ ಬರುತ್ತದೆ, ಟಾರ್ಚ್ ಹಿಡಿದು ಹಳ್ಳದ ಸಂಕ (ಕಾಲುಸೇತುವೆ) ದಾಟಿಸುವ ಕೆಲಸ ಇಲ್ಲ. ಅವಳು ಅಂಗಡಿಯಲ್ಲೇ ಒಂದು ಮೂಲೆಯಲ್ಲಿ ಟೈಲರಿಂಗ್ ಮೆಷಿನ್ ಇಟ್ಟುಕೊಳ್ಳುತ್ತಾಳಂತೆ. ತೋಟಕ್ಕೆ ನಾನು ಬೆಳಿಗ್ಗೆ ಬೈಕಿನಲ್ಲಿ ಹೋಗಿ ಬರುವುದು. ಇದನ್ನೆಲ್ಲ ಯಾವಾಗ ಯೋಚನೆ ಮಾಡಿದೆ ಅಂದರೆ, ಮದುವೆಯಾಗಿ ಬಂದ ಮಳೆಗಾಲದಲ್ಲಿ ಅಂದಳು.

ಅಮ್ಮ ಮಾತ್ರ ಆ ಪೇಟೆ ಮನೆಯಲ್ಲಿ ನೀರು ಹೇಗೆ ಅಂತ ಕೇಳುತ್ತಿದ್ದಾರೆ. ನಲ್ಲಿ ನೀರು, ದಿನ ಬಿಟ್ಟು ದಿನ. ಇನ್ನೂ ಹೇಳಿಲ್ಲ.

ತಂಗಿಗೂ ಫೋನ್ ಮಾಡಿ ತಿಳಿಸಬೇಕು, ಮುಂದಿನ ಸೋಮವಾರ ಹೇಗೂ ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಈ ಸಲ ಡಾಕ್ಟರ್ ಬದಲಾಗಿದ್ದಾರೆ, ಜಯನಗರದಲ್ಲಿ. ನಮ್ಮ ಬಸ್ಸು ಬೆಳಿಗ್ಗೆ ಐದರ ಹೊತ್ತಿಗೆ ಗೊರಗುಂಟೆಪಾಳ್ಯ ಮುಟ್ಟುತ್ತದೆ. ಮೆಜೆಸ್ಟಿಕ್ ತನಕ ಹೋಗಿ ಆಟೋದವರ ಜೊತೆ ಚೌಕಾಸಿ ಮಾಡುವುದು ತಪ್ಪಿಸಲು ಏನಾದರೂ ದಾರಿ ಇದೆಯಾ?


ಬಸವನಗುಡಿ ಹುಡುಗ

ಗೊರಗುಂಟೆಪಾಳ್ಯದಲ್ಲೇ ಇಳಿದುಬಿಡಿ. ಅಲ್ಲೇ ಮೆಟ್ರೋ ಸ್ಟೇಷನ್ ಇದೆ, ಹಸಿರು ಲೈನ್. ಎಲ್ಲೂ ಬದಲಿಸುವುದು ಬೇಡ, ನೇರ ಜಯನಗರಕ್ಕೇ ಹೋಗುತ್ತದೆ. ಸೋಮವಾರ ಆಗಿದ್ದು ಒಳ್ಳೆಯದಾಯಿತು, ಊರಿಂದ ವಾಪಸ್ ಬರುವವರಿಗೆ ಅನುಕೂಲ ಆಗಲಿ ಅಂತ 2025ರ ಜನವರಿಯಿಂದ ಸೋಮವಾರ ಮಾತ್ರ ಬೆಳಿಗ್ಗೆ 4.15ಕ್ಕೇ ಶುರು ಮಾಡಿದ್ದಾರೆ. ಭಾನುವಾರ ಬಂದರೆ ಏಳರ ತನಕ ಕಾಯಬೇಕಿತ್ತು. ಅಮ್ಮನಿಗೆ ಲಿಫ್ಟ್ ಇದೆ. ಬ್ಯಾಗು ಮಾತ್ರ ಮೆಷಿನ್ ಒಳಗೆ ಹಾಕಬೇಕು, ತಂಗಿಗೆ ಅಂತ ಅಪ್ಪೆಮಿಡಿ ಉಪ್ಪಿನಕಾಯಿ ತರುತ್ತಿದ್ದರೆ ಮುಚ್ಚಳ ಗಟ್ಟಿ ಮಾಡಿಕೊಳ್ಳಿ.

ಚೆಕಪ್ ಬೇಗ ಮುಗಿದರೆ ಮೆಸೇಜ್ ಮಾಡಿ, ನಮ್ಮ ಮನೆ ಅಲ್ಲೇ ಹತ್ತಿರ. ಊಟಕ್ಕೆ ಬನ್ನಿ.


ಛತ್ರಿ ರಿಪೇರಿ

ಉಪ್ಪಿನಕಾಯಿ ವಾಸನೆ ಬಂದರೆ ನನ್ನ ಶರ್ಟು ಅಂತ ಹೇಳಿಬಿಡಿ.